ಪದ ಬೇಕು: ಕಾರಿನ ಹೊಳೆಯುವ ಕಪ್ಪು ಪಟ್ಟಿಯ ಮೇಲಿನ ‘ಸ್ಕ್ರ್ಯಾಚ್’

ನಮಸ್ಕಾರ. ಹಾಸನದ ಒಂದು ವಾಟರ್ ವಾಶ್ ಅಂಗಡಿಗೆ ಗೋಡೆ ಫಲಕ ಬರೆದುಕೊಡುತ್ತಿದ್ದೇನೆ. ಇವತ್ತು ಸಂಜೆಯೊಳಗೆ ಮುದ್ರಣಕ್ಕೆ ಹೋಗಬೇಕು. ಓದುವವರು ಕಾರು ತೊಳೆಯುವ ಹುಡುಗರು ಮತ್ತು ಗಿರಾಕಿಗಳು.

ಈಗಿನ ಕಾರುಗಳಲ್ಲಿ ಕಿಟಕಿಗಳ ನಡುವಿನ ಪಿಲ್ಲರ್ ಮೇಲೆ, ಒಳಗೆ ಗೇರ್ ಸುತ್ತ, ಕನ್ನಡಿಯಂತೆ ಹೊಳೆಯುವ ಕಪ್ಪು ಪ್ಲಾಸ್ಟಿಕ್ ಇರುತ್ತದಲ್ವಾ? ‘ಪಿಯಾನೋ ಬ್ಲ್ಯಾಕ್’ ಟ್ರಿಮ್ ಅಂತಾರೆ. ಧೂಳಿದ್ದಾಗ ಒಂದು ಸಲ ಒಣ ಬಟ್ಟೆ ಆಡಿಸಿದರೆ ಸಾಕು, ಬಿಸಿಲು ಬಿದ್ದಾಗ ಕೂದಲೆಳೆಯಷ್ಟು ಸಣ್ಣ ಗೆರೆಗಳು ಸುತ್ತುಸುತ್ತಾಗಿ ಎದ್ದು ಕಾಣುತ್ತವೆ. ಆ ಗೆರೆಗೆ ಏನನ್ನಲಿ? ಅದನ್ನು ತೆಗೆಯುವ ಕೆಲಸಕ್ಕೆ? ಗೆರೆ ಬೀಳದಿರಲಿ ಅಂತ ಅಂಟಿಸುವ ತೆಳು ಹಾಳೆಗೆ? ಸದ್ಯಕ್ಕೆ ‘ಗೀರುನಿರೋಧಕ ಪದರ’ ಅಂತ ಬರೆದಿಟ್ಟಿದ್ದೇನೆ.

ಮರು:
ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಜೋಡಿಸಿದ್ದು. ಬೇಡ. ‘ಗೀರುತಡೆ’ ಅನ್ನಿ, ಮುಗೀತು.

ಗೆರೆಗೆ ‘ಗೀರು’ ಬಿಟ್ಟು ಬೇರೆ ಹುಡುಕಬೇಡಿ. ಪರಚುವುದು ಉಗುರು, ತರಚುವುದು ಮೊಣಕಾಲು, ಗೀಚುವುದು ಹಾಳೆಯ ಮೇಲೆ. ತಮಿಳಿನ ಕೀರಲ್, ತೆಲುಗಿನ ಗೀರು ಇದೇ ಬೇರಿನವು. ಬೆಂಕಿಕಡ್ಡಿ ಗೀರುತ್ತೇವಲ್ಲ, ಅದೇ ಮಾತು. ಧೂಳಿನ ಕಣ ಬಟ್ಟೆಯಡಿ ಸಿಕ್ಕಿ ಎಳೆದುಕೊಂಡು ಹೋಗುವುದೂ ಗೀರುವುದೇ.

ಮರು:
ಅರಿಸಮಾಸ ಅಂದ ಕೂಡಲೇ ಪದ ಸಾಯುವುದಿಲ್ಲ. ಮಳೆಗಾಲ, ದಿನಗೂಲಿ ಅಂತ ದಿನಾ ಆಡುತ್ತೇವೆ. ‘ನಿರೋಧಕ’ ಬೇಡ ಅನ್ನಲು ನನ್ನ ಕಾರಣ ಬೇರೆ. ‘ತಡೆ’ಗೂ ಅದೇ ಕಾರಣ. ಆ ಹಾಳೆ ಗೀರನ್ನು ನಿಲ್ಲಿಸುವುದಿಲ್ಲ, ತಾನು ಹೊತ್ತುಕೊಳ್ಳುತ್ತದೆ. ಕೆಳಗಿನ ಪ್ಲಾಸ್ಟಿಕ್ ಉಳಿಯುತ್ತದೆ, ಹಾಳೆ ಕೆಟ್ಟರೆ ಕಿತ್ತು ಬೇರೆ ಅಂಟಿಸಬಹುದು. ಆದ್ದರಿಂದ ‘ಕಾಪುಹಾಳೆ’. ಗಿರಾಕಿಗೆ ಸುಮ್ನೆ ಆಸೆ ಹುಟ್ಟಿಸುವ ಪದ ಫಲಕದಲ್ಲಿ ಇರಬಾರದು.

ಇನ್ನು ತೆಗೆಯುವ ಕೆಲಸ. ಗ್ಯಾರೇಜಿನವರು ‘ರಬ್ಬಿಂಗ್’, ‘ಪಾಲಿಶ್’ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಎರಡೂ ಒಂದಲ್ಲ. ರಬ್ಬಿಂಗ್ ಕಾಂಪೌಂಡ್ ಒರಟು. ಕಪ್ಪು ಮೈಮೇಲೆ ಹಾಕಿದರೆ ದೊಡ್ಡ ಗೀರು ಹೋಗಿ ಮಬ್ಬು ಉಳಿಯುತ್ತದೆ. ಪಾಲಿಶ್ ನಯ. ಅದು ಗೀರನ್ನು ತುಂಬುವುದಿಲ್ಲ, ಸುತ್ತಲಿನ ಮೈಯನ್ನೇ ಗೀರಿನ ಮಟ್ಟಕ್ಕೆ ತೆಳುವಾಗಿ ಸವೆಸುತ್ತದೆ. ಹಾಗಾಗಿ ಪದೇ ಪದೇ ಮಾಡಿಸುವುದಲ್ಲ. ಮಷೀನ್ ಜೋರಾಗಿ ತಿರುಗಿಸಿದರೆ ಬಿಸಿಗೆ ಪ್ಲಾಸ್ಟಿಕ್ ಹಾಳಾಗುತ್ತದೆ. ಮೊದಲು ಉಗುರು ಆಡಿಸಿ ನೋಡಬೇಕು. ಉಗುರು ಸಿಕ್ಕಿಕೊಂಡರೆ ಅದು ಪಾಲಿಶ್‌ಗೆ ಹೋಗುವ ಗೀರಲ್ಲ.

ಈ ನಯವಾದ ಕೆಲಸಕ್ಕೆ ನಮ್ಮಲ್ಲಿ ‘ಮೆರುಗು’ ಇದೆ. ಚನ್ನಪಟ್ಟಣದಲ್ಲಿ ಗೊಂಬೆ ತಿರುಗುತ್ತಿರುವಾಗಲೇ ಅರಗಿನ ಬಣ್ಣದ ಮೇಲೆ ತಾಳೆಗರಿ ಒತ್ತಿ ಹಿಡಿಯುತ್ತಾರೆ, ಹೊಳಪು ಬರುತ್ತದೆ. ಕಾರಿನ ಮೇಲೆ ಮೆತ್ತನೆಯ ಸ್ಪಂಜು ಮಾಡುವುದೂ ಹೆಚ್ಚುಕಡಿಮೆ ಅದನ್ನೇ.

ಮರು:
ಗ್ಯಾರೇಜಿನಲ್ಲಿ ‘ಮೆರುಗು ಕೊಡಿ’ ಅಂದರೆ ಹುಡುಗ ಮುಖ ನೋಡುತ್ತಾನೆ. ಬೂಟ್ ಪಾಲಿಶ್, ಪಾಲಿಶ್ ಅಕ್ಕಿ ಅನ್ನುವ ಜನಕ್ಕೆ ಪಾಲಿಶ್ ಕನ್ನಡವೇ. ಕಾರು, ಟೈರು, ಬ್ರೇಕು ಒಪ್ಪಿಕೊಂಡವರು ಇಲ್ಲಿ ಬಂದು ನಿಲ್ಲುವುದು ಯಾಕೆ?

ಮರು:
ಕಾರು ಬಂದಾಗ ಅದಕ್ಕೆ ನಮ್ಮಲ್ಲಿ ಪದ ಇರಲಿಲ್ಲ, ತಗೊಂಡೆವು. ‘ಬಣ್ಣ’ವೂ ವರ್ಣದಿಂದ ಬಂದದ್ದೇ. ಅದಕ್ಕೆಲ್ಲ ನನ್ನ ತಕರಾರಿಲ್ಲ. ಇರುವ ಪದವನ್ನು ಹೊರಗೆ ಹಾಕುವುದಕ್ಕೆ ತಕರಾರು. ಚಿನ್ನದ ಅಂಗಡಿಯಲ್ಲಿ ಹಳೇ ಬಳೆಗೆ ಮೆರುಗು ಹಾಕಿಸುವವರು ಇನ್ನೂ ಇದ್ದಾರೆ.

ಮರು:
ಅವರು ಇರಲಿ. ಫಲಕ ಓದುವವರು ಯಾರು ಅಂತ ಮೊದಲ ಪತ್ರದಲ್ಲೇ ಇದೆ. ಓದಿ.

ಮರು:
ಎಲ್ಲರಿಗೂ ಧನ್ಯವಾದ. ಅಂಗಡಿಯವರು ‘ಮೆರುಗು’ ಒಪ್ಪಲಿಲ್ಲ, ‘ಕಾಪುಹಾಳೆ’ ತುಂಬಾ ಹಿಡಿಸಿತು. ‘ಟ್ರಿಮ್’ ಬದಲು ‘ಕಪ್ಪು ಹೊಳಪು ಭಾಗ’ ಅಂತಿದ್ದೇನೆ. ಫಲಕ ಹೀಗೆ ಹೋಗುತ್ತಿದೆ:

“ಕಪ್ಪು ಹೊಳಪು ಭಾಗವನ್ನು ಒಣ ಬಟ್ಟೆಯಲ್ಲಿ ಒರೆಸಬೇಡಿ. ಮೊದಲು ನೀರು ಬಿಟ್ಟು ಧೂಳು ಇಳಿಸಿ. ಆಮೇಲೆ ಶಾಂಪೂ, ಶುಭ್ರವಾದ ಮೈಕ್ರೋಫೈಬರ್ ಬಟ್ಟೆ. ಸಣ್ಣ ಗೀರನ್ನು ಪಾಲಿಶ್ ಮಾಡಿ ತೆಗೆಯುತ್ತೇವೆ. ಉಗುರು ಸಿಕ್ಕುವ ಗೀರು ಪಾಲಿಶ್‌ಗೆ ಹೋಗುವುದಿಲ್ಲ. ಹೊಸ ಕಾರಿಗೆ ಕಾಪುಹಾಳೆ ಅಂಟಿಸಿಕೊಡುತ್ತೇವೆ.”

ಮರು:
‘ಬಟ್ಟೆಯಲ್ಲಿ’ ಅನ್ನುವುದಕ್ಕಿಂತ ‘ಬಟ್ಟೆಯಿಂದ’ ವಾಸಿ. ಮೊದಲನೆಯದೂ ತಪ್ಪಲ್ಲ, ಆದರೆ ಇಲ್ಲಿ ತೃತೀಯಾ ವಿಭಕ್ತಿ ಇನ್ನೂ ಸ್ಪಷ್ಟ. ಮುದ್ರಣಕ್ಕೆ ಹೋಗುವ ಮುಂಚೆ ತಿದ್ದಿ.