ರೈಟಿಂಗ್ ಪ್ರೋಗ್ರಾಂನ ಲೇಖಕರ ಓದಿಗೆ ಹೊರಗಿನವರು ಹೋಗ್ಬಹುದಾ?

ಪ್ರಶ್ನೆ:
ಯೂನಿವರ್ಸಿಟಿ ರೈಟಿಂಗ್ ಪ್ರೋಗ್ರಾಂನೋರು, ಅಂದ್ರೆ ಕತೆ ಕವಿತೆ ಬರೆಯೋದು ಕಲಿಸೋರು, ಲೇಖಕರನ್ನ ಕರೆಸಿ ಅವರ ಬರಹ ಅವರಿಂದ್ಲೇ ಜೋರಾಗಿ ಓದಿಸ್ತಾರಲ್ಲ, ಸ್ಟೂಡೆಂಟ್ ಅಲ್ಲದೋರೂ ಹೋಗ್ಬಹುದಾ? ನಾನೂ ಕತೆ ಬರೀತೀನಿ, ಆದ್ರೆ ಬರ್ತಿರೋ ಲೇಖಕರ ಪುಸ್ತಕ ಓದಿಲ್ಲ, ಹಂಗೇ ಹೋಗಿ ಕೂತ್ರೆ ಏನಾದ್ರೂ ದಕ್ಕುತ್ತಾ? ಪ್ರಶ್ನೆ ಕೇಳೋ ಆಸೆನೂ ಇದೆ.

ಉತ್ತರ 1:
ಧಾರಾಳವಾಗಿ ಹೋಗಿ. ಪೋಸ್ಟರ್‌ನಲ್ಲಿ ಸಾರ್ವಜನಿಕರಿಗೆ ಮುಕ್ತ ಅಂತ ಇದ್ಯಾ ನೋಡ್ಕೊಳ್ಳಿ, ಎಷ್ಟೋ ಕಡೆ ಟಿಕೆಟ್ಟೂ ಇರಲ್ಲ. ಉದಾಹರಣೆಗೆ ಅಮೆರಿಕದ ಅಯೋವಾ ಯೂನಿವರ್ಸಿಟೀಲಿ 1936ರಲ್ಲಿ ರೈಟರ್ಸ್ ವರ್ಕ್‌ಶಾಪ್ ಅನ್ನೋ ಇಂಥದ್ದೇ ಪ್ರೋಗ್ರಾಂ ಶುರುವಾಯ್ತು, 1967ರಲ್ಲಿ ಬೇರೆ ದೇಶದ ಲೇಖಕರನ್ನ ಕರೆಸೋ ಇಂಟರ್‌ನ್ಯಾಷನಲ್ ರೈಟಿಂಗ್ ಪ್ರೋಗ್ರಾಂ ಬಂತು, ಈಗ ಅಲ್ಲಿ ಓದು ಕ್ಯಾಂಪಸ್ ದಾಟಿ ಪುಸ್ತಕದಂಗಡೀಲೂ ನಡೆಯುತ್ತೆ, ಊರಿನೋರೂ ಬಂದು ಕೂರ್ತಾರೆ. 2008ರಲ್ಲಿ ಯುನೆಸ್ಕೋ ಅಯೋವಾ ಸಿಟೀನ ಸಾಹಿತ್ಯ ನಗರ ಅಂತ ಗುರುತಿಸ್ತು.

ಉತ್ತರ 2:
ಪುಸ್ತಕ ಓದಿರ್ಲೇಬೇಕು ಅಂತೇನಿಲ್ಲ, ಒಂದು ಕತೆ ಓದ್ಕೊಂಡು ಹೋದ್ರೆ ಒಳ್ಳೇದು ಅಷ್ಟೆ. ಕತೆ ಬರೆಯೋರು ಗಮನಿಸಬೇಕಾದ್ದು ಬೇರೇನೇ ಇದೆ, ಲೇಖಕರು ಎಲ್ಲಿ ಉಸಿರು ತಗೋತಾರೆ, ಮಾತುಕತೆ ಬಂದಾಗ ದನಿ ಬದಲಾಗುತ್ತಾ, ಅಚ್ಚಾದ ಪುಸ್ತಕದಲ್ಲೇ ಯಾವ ಸಾಲು ಹಾರಿಸಿ ಓದ್ತಾರೆ, ಯಾಕಂದ್ರೆ ಕಣ್ಣಿಗೆ ಸರಿ ಕಂಡ ವಾಕ್ಯ ಬಾಯಲ್ಲಿ ತಡವರಿಸೋದು ಜೋರಾಗಿ ಓದಿದಾಗ್ಲೇ ಗೊತ್ತಾಗೋದು. ನನ್ನ ಪ್ರಕಾರ ಇದನ್ನ ಯಾವ ಪಠ್ಯವೂ ಕಲಿಸಲ್ಲ.

ಪ್ರಶ್ನೆ ಕೇಳೋದಾದ್ರೆ ಸ್ಫೂರ್ತಿ ಎಲ್ಲಿಂದ ಅಂತ ಬೇಡ, ದಯವಿಟ್ಟು. ಈಗಷ್ಟೇ ಓದಿದ ಭಾಗದ ಬಗ್ಗೆ ಕೇಳಿ, ಈ ಪಾತ್ರ ಮೊದಲನೇ ಡ್ರಾಫ್ಟಲ್ಲೇ ಇತ್ತಾ, ಕೊನೆ ಯಾವಾಗ ಹೊಳೀತು, ಹಿಂಗೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ರೆಕಾರ್ಡ್ ಮಾಡ್ಕೋಬಹುದಾ?

ಉತ್ತರ 1:
ಕೇಳ್ದೆ ಮಾಡ್ಬೇಡಿ, ಕೆಲವರು ಇನ್ನೂ ಅಚ್ಚಾಗದೇ ಇರೋದನ್ನ ಓದ್ತಾರೆ. ನೋಟ್‌ಬುಕ್ ತಗೊಂಡ್ಹೋಗಿ.