ಮೋಟರ್‌ಹೋಮ್‌ನ ನೆಲದ ಹೀಟರ್ ಮನೆಯಲ್ಲಿ ಸರಿ, ಕ್ಯಾಂಪ್‌ಗ್ರೌಂಡ್‌ನಲ್ಲಿ ಟ್ರಿಪ್: ಏನಿರಬಹುದು?

ಪ್ರಶ್ನೆ (ಮಿನಿಯಾಪೊಲಿಸ್‌ನಿಂದ)

ಎಲ್ಲರಿಗೂ ನಮಸ್ಕಾರ. ಕಳೆದ ಬೇಸಿಗೆಯಲ್ಲಿ ನಾವು 38 ಅಡಿ ಉದ್ದದ ಹಳೆಯ ಮೋಟರ್‌ಹೋಮ್ (ವಾಸಕ್ಕೆ ಸಜ್ಜಾದ ವಾಹನ) ಒಂದನ್ನು ಕೊಂಡೆವು. ಅದರ ಟೈಲ್ಸ್ ಅಡಿಯಲ್ಲಿ ನೆಲವನ್ನು ಬೆಚ್ಚಗಿಡುವ ವಿದ್ಯುತ್ ಮ್ಯಾಟ್‌ಗಳಿವೆ. ಅಡುಗೆ ಜಾಗಕ್ಕೂ ಊಟದ ಮೇಜಿರುವ ಸ್ಲೈಡ್‌ಔಟ್‌ಗೂ (ವಾಹನ ನಿಲ್ಲಿಸಿದಾಗ ಹೊರಗೆ ಚಾಚಬಹುದಾದ ಭಾಗ) ಸೇರಿ ಮುಂದೆ ಒಂದು ಥರ್ಮೋಸ್ಟಾಟ್, ಮಲಗುವ ಕೋಣೆ ಮತ್ತು ಬಚ್ಚಲಿಗೆ ಹಿಂದೆ ಇನ್ನೊಂದು.

ಅಕ್ಟೋಬರ್‌ನಲ್ಲಿ ಮನೆಯ ಮುಂದೆ ನಿಲ್ಲಿಸಿಕೊಂಡು ಎರಡು ದಿನ ಪರೀಕ್ಷಿಸಿದಾಗ ನೆಲ ಸೊಗಸಾಗಿ ಬೆಚ್ಚಗಾಯಿತು. ಮರುವಾರ ಡುಲುತ್ ಕಡೆ ಹೋಗಿ ಸುಪೀರಿಯರ್ ಸರೋವರದ ಬಳಿಯ ಕ್ಯಾಂಪ್‌ಗ್ರೌಂಡ್‌ನಲ್ಲಿ ವಾಹನಗಳಿಗೆ ಕರೆಂಟ್ ಕೊಡುವ 50 ಆಂಪ್ ಕಂಬಕ್ಕೆ ಜೋಡಿಸಿದೆವು. ಮುಂದಿನ ಥರ್ಮೋಸ್ಟಾಟ್‌ನ ಜಿಎಫ್‌ಸಿಐ (ಕರೆಂಟ್ ಸೋರಿದರೆ ಕಡಿದುಬಿಡುವ ರಕ್ಷಣಾ ಸಾಧನ) ದೀಪ ಕೆಲವೊಮ್ಮೆ ತಕ್ಷಣ, ಕೆಲವೊಮ್ಮೆ ಐದು ನಿಮಿಷದ ನಂತರ ಕೆಂಪಾಗಿ, ಹೀಟರ್ ನಿಂತುಹೋಗುತ್ತಿತ್ತು. ಅಂದು ಮಳೆಯೂ ಇತ್ತು. ಹಿಂದಿನದರದು ಬೇರೆಯದೇ ತಕರಾರು: ಮುಂಜಾನೆ ಕೊರೆಯುವ ಚಳಿಯಲ್ಲಿ ಸೆನ್ಸರ್ ದೋಷವೆಂದು ತೋರಿಸಿ, ವಾಹನದ ಒಳಗೆಲ್ಲ ಬೆಚ್ಚಗಾದ ಮೇಲೆ ತಾನಾಗಿಯೇ ಸರಿಹೋಗುತ್ತದೆ.

ಕಂಬದ ವೋಲ್ಟೇಜ್ ಕಡಿಮೆಯಿದ್ದುದೇ ಕಾರಣವೆಂದು ನನ್ನ ಅನುಮಾನ. ಮೀಟರ್ 109 ತೋರಿಸಿತು. ವಿಚಾರಿಸಲು ಹೋದ ರಿಪೇರಿ ಅಂಗಡಿಯವರು ನೋಡದೆಯೇ ಟೈಲ್ಸ್ ಕೀಳಬೇಕಾದೀತು ಎಂದರು. ಅದಕ್ಕೆ ಮೊದಲು ನಾನೇ ಏನನ್ನು ಪರೀಕ್ಷಿಸಬಹುದು?

ಉತ್ತರ 1

ಟೈಲ್ಸ್ ತಂಟೆಗೆ ಈಗಲೇ ಹೋಗಬೇಡಿ. ವೋಲ್ಟೇಜ್ ಮೇಲಿನ ಅನುಮಾನವನ್ನು ಮೊದಲು ಬಿಡಿ. 120 ವೋಲ್ಟ್‌ನ ಮ್ಯಾಟ್‌ಗೆ 109 ವೋಲ್ಟ್ ಕೊಟ್ಟರೆ ಅದರ ಶಕ್ತಿ ಸುಮಾರು ಶೇಕಡಾ 82ಕ್ಕೆ ಇಳಿದು ನೆಲ ನಿಧಾನವಾಗಿ ಕಾಯುತ್ತದೆ, ಅಷ್ಟೇ. ಜಿಎಫ್‌ಸಿಐ ನೋಡುವುದು ವೋಲ್ಟೇಜನ್ನೂ ಅಲ್ಲ, ಲೋಡನ್ನೂ ಅಲ್ಲ. ಒಂದು ತಂತಿಯಲ್ಲಿ ಹೋದ ಕರೆಂಟ್ ಇನ್ನೊಂದರಲ್ಲಿ ಪೂರ್ತಿ ಮರಳಿತೇ ಎಂಬುದನ್ನು ಮಾತ್ರ. ಭಾರತದ ಮನೆಗಳಲ್ಲಿ ಇದೇ ಕೆಲಸಕ್ಕೆ ಹಾಕುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪ್‌ನದು, ಇಲ್ಲಿಯದು 5 ಮಿಲಿಆಂಪ್ ಸುಮಾರಿಗೇ ಬೀಳುತ್ತದೆ. 120 ವೋಲ್ಟ್‌ಗೆ ಲೆಕ್ಕ ಹಾಕಿದರೆ 24 ಕಿಲೋಓಮ್‌ನಷ್ಟು ಸೋರುದಾರಿ ಸಿಕ್ಕರೂ ಸಾಕು. ಹಾಗಾಗಿ ನಿಮ್ಮಲ್ಲಿ ನಿಜವಾಗಿಯೂ ಎಲ್ಲೋ ಸೋರಿಕೆಯಿದೆ ಎಂದೇ ಹಿಡಿದು ಹುಡುಕಿ.

ಅಳೆಯುವ ಮುನ್ನ ಕಂಬದ ಕೇಬಲ್ ತೆಗೆಯಿರಿ, ಜನರೇಟರ್ ನಿಲ್ಲಿಸಿ, ಇನ್ವರ್ಟರನ್ನೂ ಆಫ್ ಮಾಡಿ. ಕೇಬಲ್ ತೆಗೆದ ಮಾತ್ರಕ್ಕೆ ತಂತಿ ಸತ್ತಿದೆ ಎಂದು ನಂಬುವವರು ಮರೆಯುವುದು ಇನ್ವರ್ಟರನ್ನೇ. ಆಮೇಲೆ ಮ್ಯಾಟ್‌ನ ಎರಡೂ ತಂತಿಗಳನ್ನು ಥರ್ಮೋಸ್ಟಾಟ್‌ನಿಂದ ಬಿಡಿಸಿ, ಅವುಗಳ ನಡುವಿನ ರೋಧವನ್ನು ಅಳೆಯಿರಿ. ಚದರ ಅಡಿಗೆ 12 ವ್ಯಾಟ್‌ನ ಮ್ಯಾಟ್ 40 ಚದರ ಅಡಿ ಇದ್ದರೆ 480 ವ್ಯಾಟ್. ಅಂದರೆ 30 ಓಮ್ ಬರಬೇಕು. ಲೇಬಲ್‌ನಲ್ಲಿ ಎಷ್ಟು ಓಮ್ ಎಂದು ಬರೆದಿದ್ದರೆ ಅದನ್ನೇ ನಂಬಿ. ನಂತರ ಪ್ರತಿ ತಂತಿಗೂ ಗ್ರೌಂಡ್‌ಗೂ (ಅರ್ಥಿಂಗ್ ತಂತಿ) ನಡುವೆ ಅಳೆಯಿರಿ. ಅಲ್ಲಿ ಮೀಟರ್ ಏನನ್ನೂ ತೋರಿಸಬಾರದು, ಅಂದರೆ ಸೊನ್ನೆ ಓಮ್ ಅಲ್ಲ, ಸಂಪರ್ಕವೇ ಇಲ್ಲವೆನ್ನಬೇಕು. ಏನೂ ಕಾಣದಿದ್ದರೆ 500 ವೋಲ್ಟ್‌ನ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಹೊದಿಕೆಯ ಸೋರಿಕೆ ಪರೀಕ್ಷಿಸುವ ಮೀಟರ್) ಬಳಸಬಹುದು. ಆದರೆ ಥರ್ಮೋಸ್ಟಾಟ್ ಜೋಡಿಸಿಟ್ಟು ಮೆಗ್ಗರ್ ತಿರುಗಿಸಿದರೆ ಅದರೊಳಗಿನ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗಬಹುದು, ಎಚ್ಚರ.

ಉತ್ತರ 2

ಮೇಲಿನವರು ಹೇಳಿದ ಕ್ರಮ ಸರಿ, ಆದರೆ ಅದೇ ಕ್ರಮವನ್ನು ಮನೆಯ ಮುಂದೆ ಮಾಡಿದರೆ ಎಲ್ಲವೂ ಸರಿಯಾಗಿದೆ ಎಂದೇ ಉತ್ತರ ಬರುವ ಸಂಭವವಿದೆ. ದೋಷ ಇರುವ ಹೊತ್ತಿನಲ್ಲಿ ಅಳೆದರೆ ಮಾತ್ರ ಅಳತೆಗೆ ಅರ್ಥ. ಹಾಗಾಗಿ ಒಂದು ಪ್ರಶ್ನೆ: ಮನೆಯ ಮುಂದೆ ಪರೀಕ್ಷಿಸಿದಾಗ ಸ್ಲೈಡ್‌ಔಟ್ ಒಳಗಿತ್ತೇ, ಹೊರಗಿತ್ತೇ? ಕ್ಯಾಂಪ್‌ಗ್ರೌಂಡ್‌ನಲ್ಲಿ ಅದನ್ನು ಹೊರಗೆ ತಳ್ಳದೆ ಊಟಕ್ಕೆ ಕೂರಲು ಆಗುವುದಿಲ್ಲ.

ಸ್ಲೈಡ್‌ನ ನೆಲದ ಮ್ಯಾಟ್‌ಗೆ ಹೋಗುವ ತಂತಿ ಸ್ಲೈಡ್ ಜೊತೆಗೇ ಓಡಾಡುತ್ತದೆ. ಪ್ರತಿ ಸಲ ಚಾಚಿ, ಮಡಚಿ, ಯಾವುದಾದರೂ ಲೋಹದ ಅಂಚಿಗೆ ಉಜ್ಜಿಕೊಂಡರೆ ಅದರ ಹೊದಿಕೆ ಸವೆಯುತ್ತದೆ, ಅಲ್ಲಿಗೆ ಮಳೆಯ ತೇವ ಸೇರಿದರೆ ನೀವು ಹೇಳಿದ ಹಾಗೆಯೇ ಒಮ್ಮೆ ತಕ್ಷಣ, ಒಮ್ಮೆ ತಡವಾಗಿ ಟ್ರಿಪ್ ಆಗುತ್ತದೆ. ಟೈಲ್ಸ್ ಅಡಿಯ ಕೇಬಲ್ ಇಷ್ಟು ಚಂಚಲವಾಗಿ ವರ್ತಿಸುವುದನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. ಅಲ್ಲಿ ಸ್ಕ್ರೂ ಚುಚ್ಚಿ ಕೆಟ್ಟರೆ ಸಾಮಾನ್ಯವಾಗಿ ಕೆಟ್ಟೇ ಇರುತ್ತದೆ. ಎರಡು ಮ್ಯಾಟ್‌ಗಳು ಒಂದೇ ಥರ್ಮೋಸ್ಟಾಟ್‌ಗೆ ಬಂದಿದ್ದರೆ ಅವನ್ನು ಬಿಡಿಸಿ, ಬೇರೆಬೇರೆಯಾಗಿ, ಸ್ಲೈಡ್ ಒಳಗಿದ್ದಾಗ ಒಮ್ಮೆ, ಹೊರಗಿದ್ದಾಗ ಒಮ್ಮೆ ಅಳೆಯಿರಿ. ಸ್ಲೈಡ್ ಓಡಿಸುವಾಗ ಬಿಡಿಸಿದ ತುದಿಗಳಿಗೆ ಟೇಪ್ ಸುತ್ತಿರಿ.

ಉತ್ತರ 3

ಹಿಂದಿನ ಥರ್ಮೋಸ್ಟಾಟ್ ಬಗ್ಗೆ ಮಾತ್ರ ಹೇಳುತ್ತೇನೆ. ನೆಲದ ಸೆನ್ಸರ್ ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ಕಿಲೋಓಮ್ ತೋರಿಸುವ ಥರ್ಮಿಸ್ಟರ್ ಆಗಿರುತ್ತದೆ. ಚಳಿ ಹೆಚ್ಚಿದಷ್ಟೂ ಅದರ ರೋಧ ಏರುತ್ತದೆ; ಸೊನ್ನೆ ಡಿಗ್ರಿಯಲ್ಲಿ 32 ಕಿಲೋಓಮ್ ದಾಟುತ್ತದೆ. ಕೆಲವು ಥರ್ಮೋಸ್ಟಾಟ್‌ಗಳು ಆ ಮಟ್ಟವನ್ನು ತಂತಿ ತುಂಡಾಗಿದೆ ಎಂದು ತಪ್ಪಾಗಿ ಓದಿಕೊಳ್ಳುತ್ತವೆ. ಬೆಚ್ಚಗಾದ ಮೇಲೆ ತಾನಾಗಿ ಸರಿಹೋಗುವುದಾದರೆ ಸೆನ್ಸರ್ ಬದಲಾಯಿಸಲು ಹೋಗಬೇಡಿ. ವಾಹನದ ಒಳಗಾಳಿಯನ್ನು ಕಾಯಿಸುವ ಫರ್ನೇಸನ್ನು ಅರ್ಧ ಗಂಟೆ ಓಡಿಸಿ, ಆಮೇಲೆ ನೆಲದ ಹೀಟರ್ ಹಾಕಿ. ಮಿನೆಸೋಟಾದ ಚಳಿಗೆ ಈ ಮ್ಯಾಟ್ ಒಂದನ್ನೇ ನಂಬುವುದು ಹೇಗಿದ್ದರೂ ಸಾಧ್ಯವಿಲ್ಲ. ಇನ್ನೊಂದು ವಿಷಯ, ರಬ್ಬರ್ ತಳದ ಚಾಪೆಗಳನ್ನು ಅದರ ಮೇಲೆ ಹಾಸಬೇಡಿ. ಶಾಖ ಅಡಿಯಲ್ಲೇ ಉಳಿದುಬಿಡುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಎರಡನೆಯ ಉತ್ತರ ಓದಿದಾಗಲೇ ನಗು ಬಂತು: ಪಕ್ಕದ ಮನೆಯವರ ಬೇಲಿಗೆ ತಾಗುತ್ತದೆಂದು ಮನೆಯ ಮುಂದೆ ನಾವು ಸ್ಲೈಡ್ ತೆಗೆದೇ ಇರಲಿಲ್ಲ. ಶನಿವಾರ ಗೆಳೆಯರ ವಿಶಾಲವಾದ ಅಂಗಳಕ್ಕೆ ಒಯ್ದು, ಎಲ್ಲ ವಿದ್ಯುತ್ ಮೂಲಗಳನ್ನೂ ನಿಲ್ಲಿಸಿ ಅಳೆದೆ. ಎರಡೂ ಮ್ಯಾಟ್ ಸೇರಿ 20.3 ಓಮ್ ಇತ್ತು. ಬಿಡಿಸಿದಾಗ ಅಡುಗೆ ಜಾಗದ್ದು 30.4, ಸ್ಲೈಡ್‌ನದು 61. ಅಂದರೆ ಒಳಗಿನ ಕೇಬಲ್ ಎಲ್ಲೂ ತುಂಡಾಗಿಲ್ಲ. ಸ್ಲೈಡ್ ಒಳಗಿದ್ದಾಗ ಗ್ರೌಂಡ್‌ಗೆ ಏನೂ ಕಾಣಲಿಲ್ಲ. ಹೊರಗೆ ತಳ್ಳಿ, ಸ್ಪ್ರೇ ಬಾಟಲಿಯಿಂದ ಆ ಕಡೆ ಸ್ವಲ್ಪ ನೀರು ಚಿಮುಕಿಸಿದಾಗ ಸ್ಲೈಡ್‌ನ ಮ್ಯಾಟ್ 18 ಕಿಲೋಓಮ್ ತೋರಿಸಿತು. ವಾಹನದ ಅಡಿಗೆ ನುಸುಳಿ ನೋಡಿದರೆ, ತಂತಿಯನ್ನು ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿ ಹರಿದು ತಂತಿ ಸ್ಲೈಡ್‌ನ ಉಕ್ಕಿನ ಅಂಚಿನ ಮೇಲೆ ಜೋತುಬಿದ್ದಿತ್ತು. ಬೆರಳಿನಷ್ಟುದ್ದ ಹೊದಿಕೆ ಸವೆದುಹೋಗಿತ್ತು.

ಈಗ ಸ್ಲೈಡ್‌ನ ಮ್ಯಾಟನ್ನು ಬಿಡಿಸಿಟ್ಟಿದ್ದೇನೆ. ಅಡುಗೆ ಜಾಗ ಮಾತ್ರ ಟ್ರಿಪ್ ಇಲ್ಲದೆ ಕಾಯುತ್ತಿದೆ. ಸವೆದ ಜಾಗಕ್ಕೆ ಟೇಪ್ ಸುತ್ತಿದರೆ ಸಾಕೇ?

ಉತ್ತರ 2ರವರಿಂದ

ಸಾಲದು. ಟೇಪ್ ಮತ್ತೆ ಅದೇ ಅಂಚಿಗೆ ಉಜ್ಜುತ್ತದೆ. ನಿಮ್ಮ ಅದೃಷ್ಟಕ್ಕೆ ಸವೆದಿರುವುದು ಬಿಸಿಯಾಗುವ ಕೇಬಲ್ ಅಲ್ಲ, ಅದಕ್ಕೆ ಕರೆಂಟ್ ತರುವ ಸಾಮಾನ್ಯ ತಂತಿ. ಬಿಸಿಯಾಗುವ ಭಾಗವನ್ನು ಎಂದೂ ಕತ್ತರಿಸಿ ಗಿಡ್ಡ ಮಾಡಬಾರದು, ಇದನ್ನು ಬದಲಾಯಿಸಬಹುದು. ಪದೇಪದೇ ಬಾಗುವುದನ್ನು ತಾಳುವ, ಸಣ್ಣ ಎಳೆಗಳಿಂದ ಹೆಣೆದ ತಂತಿಯನ್ನೇ ಹಾಕಿಸಿ, ಗ್ರೌಂಡ್ ತಂತಿಯನ್ನು ಬಿಡದೆ ಎರಡೂ ಕಡೆ ಜಂಕ್ಷನ್ ಬಾಕ್ಸ್‌ನಲ್ಲಿ ಜೋಡಿಸಿ, ನಡುವೆ ಕೊಳವೆಯೊಳಗೆ ಓಡಿಸಿ. ಮುಚ್ಚುವ ಮೊದಲು ಸ್ಲೈಡನ್ನು ಹತ್ತು ಬಾರಿ ಒಳಗೆ ಹೊರಗೆ ಓಡಿಸಿ ತಂತಿ ಎಲ್ಲಿ ತಾಗುತ್ತದೆ ನೋಡಿ, ಹೊರಗಿಟ್ಟು ಮತ್ತೊಮ್ಮೆ ಮೆಗ್ಗರ್ ಹಿಡಿಯಿರಿ. ಕೊನೆಗೆ ಥರ್ಮೋಸ್ಟಾಟ್‌ನ ಟೆಸ್ಟ್ ಗುಂಡಿ ಒತ್ತಿ. ಇಷ್ಟು ಸಲ ಬಿದ್ದೆದ್ದ ಜಿಎಫ್‌ಸಿಐ ಈಗಲೂ ಬೀಳುತ್ತದೆಯೇ ಎಂಬುದು ಗೊತ್ತಾಗಬೇಕು. ಬೀಳದಿದ್ದರೆ ಥರ್ಮೋಸ್ಟಾಟನ್ನೂ ಬದಲಾಯಿಸಿ.