ಬಾಲ್ಕನೀಲಿ ಹಸಿ ಕಸದ ಗೊಬ್ಬರ: ಮಡಕೆನಾ, ಬಕೆಟ್ಟಾ, ಮಷೀನಾ?

ಬನಶಂಕರಿ ಬಾಲ್ಕನಿ: ಮನೇಲಿ ನಾಲ್ಕು ಜನ, ಬಾಲ್ಕನಿ ನಾಲ್ಕಡಿ ಅಗಲ. ಹಸಿ ಕಸ ಮನೇಲೇ ಗೊಬ್ಬರ ಮಾಡೋಣ ಅಂತಿದೀವಿ. ಅತ್ತೆಗೆ ವಾಸನೆ ಆಗ್ಬರಲ್ಲ. ಯಾವುದು ತಗೊಳ್ಳೋದು? ಬಳಸಿರೋರು ಹೇಳಿ ಪ್ಲೀಸ್.

ಮಲ್ಲೇಶ್ವರಂ ಅಕ್ಕ: ಮಡಕೆನೇ, ಬೇರೆ ಮಾತೇ ಬೇಡ. ನಂದು ಮೂರಂತಸ್ತಿನ ಟೆರಾಕೋಟಾ, 2,800 ಕೊಟ್ಟಿದ್ದು, ಮನೆ ಬದಲಾಯಿಸೋವಾಗ ಸಾಮಾನು ಸಾಗಿಸೋರು ನಡುವಿನದ್ದು ಒಡೆದ್ಹಾಕಿದ್ರು, ಬಿಡಿ ಮಡಕೆ ತರಿಸೋಕೆ 850, ಅದರ ಮೇಲೆ ಆಟೋಗೆ 220. ಕಸದ ಮೇಲೆ ಹಾಕೋ ಕೋಕೋಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ, ಕೊಳ್ಳೋದು ನಿಲ್ಲಿಸಿದೀನಿ, ಪಾರ್ಕಲ್ಲಿ ಗುಡಿಸಿಟ್ಟ ಒಣ ಎಲೆ ಚೀಲಕ್ಕೆ ತುಂಬ್ಕೊಂಡು ಬಂದು ಹುಳಿ ಮಜ್ಜಿಗೆ ಚಿಮುಕಿಸ್ತೀನಿ ಅಷ್ಟೇ. ಹಲಸಿನ ಹಣ್ಣಿನ ಕಾಲದಲ್ಲಿ ಒದ್ದೆ ಜಾಸ್ತಿಯಾಗಿ ದಪ್ಪ ಬಿಳಿ ಹುಳ ಮಡಕೆ ಕಂಠದವರೆಗೂ ಹತ್ಕೊಂಡು ಬಂದ್ವು, ನಮ್ಮೆಜಮಾನ್ರು ಎಲ್ಲಾ ಎಸೀ ಅಂತ ಒಂದೇ ಹಠ. ಅವು ಕಸ ತಿನ್ನೋ ಹುಳ, ಕಚ್ಚಲ್ಲ. ಒಣ ಎಲೆ ಡಬಲ್ ಹಾಕಿ ಕೆದಕಿದೆ, ಹೋದ್ವು. ಈಗ ಮೂಸಿದ್ರೆ ಬರೀ ಮಣ್ಣಿನ ವಾಸನೆ.

ವೈಟ್‌ಫೀಲ್ಡ್ ಹನ್ನೊಂದನೇ ಮಹಡಿ: ಬೆಳಿಗ್ಗೆ ಆರಕ್ಕೆ ಕ್ಯಾಬ್ ಹತ್ತೋರು ಪಾರ್ಕಲ್ಲಿ ಎಲೆ ತುಂಬ್ಕೊಂಡು ಕೂರಕ್ಕಾಗತ್ತಾ? ನಾವು ಮಷೀನ್ ತಗೊಂಡ್ವಿ, 26,500, ಇಎಂಐ ಮುಗಿಯೋಕೆ ಮುಂಚೆ ಮೋಟರ್ ಹೋಯ್ತು. ಮಾವಿನ ಓಟೆ ಹಾಕಿದೀರ, ವಾರಂಟಿ ಬರಲ್ಲ ಅಂದ್ರು, ಬುಕ್ಕಲ್ಲಿ ಓಟೆ ಬಗ್ಗೆ ಒಂದಕ್ಷರ ಇಲ್ಲ. ಮೋಟರ್‌ಗೆ 4,200, ಮನೆಗೆ ಬಂದು ನೋಡಿದ್ದಕ್ಕೆ 590 ಬೇರೆ. ಆದ್ರೂ ನಂಗೆ ಮಷೀನೇ ಸರಿ, ಹುಳ ಇಲ್ಲ, ಪಕ್ಕದ ಮನೆಯೋರ ಕಂಪ್ಲೇಂಟ್ ಇಲ್ಲ.

ಮಲ್ಲೇಶ್ವರಂ ಅಕ್ಕ: ಅದು ಗೊಬ್ಬರ ಅಲ್ಲ ಸರ್, ಮಿಕ್ಕಿದ ಊಟ ಒಣಗಿಸಿ ಪುಡಿ ಮಾಡಿದ್ದು ಅಷ್ಟೇ. ನಮ್ಮ ನಾದಿನಿ ಅದೇ ಪುಡಿ ತುಳಸಿ ಕುಂಡಕ್ಕೆ ಹಾಕಿ ನೀರು ಹೊಯ್ದ್ರು, ಬೂಷ್ಟು ಹಿಡಿದು ಗಿಡನೇ ಹೋಯ್ತು.

ವೈಟ್‌ಫೀಲ್ಡ್ ಹನ್ನೊಂದನೇ ಮಹಡಿ: ಮಣ್ಣಿಗೆ ಬೆರೆಸಿ ಕೆಲವು ವಾರ ಬಿಟ್ಟು ಆಮೇಲೆ ಗಿಡಕ್ಕೆ ಹಾಕ್ಬೇಕು ಮೇಡಂ, ಅದು ನಂಗೂ ಗೊತ್ತು. ನಿಮ್ಮ ನಾದಿನಿ ನೇರವಾಗಿ ಸುರಿದ್ರೆ ನನ್ನ ಮಷೀನಿಗೆ ಯಾಕೆ ಬೈತೀರ?

ತಿಪಟೂರು ತೆಂಗು: ನಂದು ಬೊಕಾಶಿ, ಅಂದ್ರೆ ಮುಚ್ಚಿದ ಬಕೆಟ್ಟಲ್ಲಿ ಕಸ ಹುಳಿ ಬರಿಸೋ ಜಪಾನಿ ವಿಧಾನ. ನಲ್ಲಿ ಇರೋ ಬಕೆಟ್ ಎರಡು, 1,900. ಗಾಳಿಯಾಡದಂಗೆ ಮುಚ್ಚಿ ಪದರಕ್ಕೊಂದು ಹಿಡಿ ಬೊಕಾಶಿ ಬೂಸಾ, ಅಂದ್ರೆ ಹುಳಿ ಬರಿಸೋ ಸೂಕ್ಷ್ಮಜೀವಿ ಬೆರೆಸಿದ ಬೂಸಾ. ಕೆಳಗಿಳಿಯೋ ರಸ ಒಂದು ಪಾಲಿಗೆ ನೂರು ಪಾಲು ನೀರು ಬೆರೆಸಿ ಗಿಡಕ್ಕೆ, ಹಂಗೇ ಹುಯ್ದ್ರೆ ಬೇರು ಸುಡತ್ತೆ. ಕಷ್ಟ ಇರೋದು ಆಮೇಲೆ, ಹುಳಿ ಬಂದ ಕಸ ಮಣ್ಣಲ್ಲಿ ಹೂಳ್ಲೇಬೇಕು, ಬಾಡಿಗೆ ಮನೇಲಿ ಮಣ್ಣೆಲ್ಲಿಂದ ತರೋದು? ಊರಿಗೆ ಹೋಗೋವಾಗ ಬಸ್ಸಲ್ಲಿ ಹೊತ್ಕೊಂಡು ಹೋಗಿ ತೆಂಗಿನ ಬುಡಕ್ಕೆ ಹಾಕ್ತೀನಿ. ಕಂಡಕ್ಟರ್ ಲಗೇಜ್ ಟಿಕೆಟ್ ಬೇರೆ ಹರಿದ.

ಮಂಡೂರು ಪಕ್ಕದೋನು: 2014ರಲ್ಲಿ ನಮ್ಮ ಕಡೆ ಸುರಿಯೋದು ನಿಲ್ಲೋ ತನಕ ನಿಮ್ಮ ಬೆಂಗಳೂರಿನ ಹಸಿ ಕಸ ಒಣ ಕಸ ಎಲ್ಲಾ ಬೆರೆತು ನಮ್ಮ ಮೂಗಿನ ಕೆಳಗೇ ಕೊಳೀತಿತ್ತು. ಊಟಕ್ಕೆ ಕೂತ್ರೆ ಎಲೆ ಮೇಲೆ ಅನ್ನ ಕಾಣ್ತಿರ್ಲಿಲ್ಲ, ನೊಣ. ಮಡಕೆ ದೊಡ್ಡದೋ ಮಷೀನ್ ದೊಡ್ಡದೋ ಅಂತ ಕಿತ್ತಾಡೋದು ಬಿಟ್ಟು ಯಾವುದಾದ್ರೂ ಒಂದು ಮಾಡ್ರೀ.

ಸಿಪ್ಪೆ ಎಂಜೈಮ್: ನಿಂಬೆ, ಮೂಸಂಬಿ ಸಿಪ್ಪೆ ಯಾರೂ ಮಡಕೆಗೆ ಹಾಕ್ಬೇಡಿ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು, ಪ್ಲಾಸ್ಟಿಕ್ ಡಬ್ಬೀಲಿ ಮೂರು ತಿಂಗಳು. ಮೊದಲನೇ ತಿಂಗಳು ದಿನಾ ಮುಚ್ಚಳ ಸಡಿಲ ಮಾಡಿ ಗ್ಯಾಸ್ ಬಿಡ್ಬೇಕು. ಅದೇ ಎಂಜೈಮ್, ಅದ್ರಲ್ಲೇ ನೆಲ ಒರೆಸ್ತೀನಿ, ಫಿನಾಯಿಲ್ ಕೊಳ್ಳೋದೇ ಬಿಟ್ಟಿದೀನಿ.

ಮಲ್ಲೇಶ್ವರಂ ಅಕ್ಕ: ಬೆಲ್ಲ ಕೆಜಿಗೆ 70 ಇರೋವಾಗ ನೆಲ ಒರೆಸೋಕೆ ಬೆಲ್ಲನಾ? ಅಂಟುವಾಳ ನೆನೆಸಿ ಕುದಿಸಿ ಸೋಸಿ, ಪಾತ್ರೆಗೂ ಆಯ್ತು ನೆಲಕ್ಕೂ ಆಯ್ತು.

ಸಿಪ್ಪೆ ಎಂಜೈಮ್: ಆ ನೀರು ನಾಲ್ಕು ದಿನಕ್ಕೆ ನಾರತ್ತೆ ಅಕ್ಕ, ಅದನ್ನ ಹೇಳಲ್ಲ ನೀವು.

ಬನಶಂಕರಿ ಬಾಲ್ಕನಿ: ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಬಾಲ್ಕನಿಗೆ ಮಧ್ಯಾಹ್ನದ ಬಿಸಿಲು ನೇರ ಬೀಳತ್ತೆ, ಮಡಕೆ ಇಡಬಹುದಾ?

ಮಲ್ಲೇಶ್ವರಂ ಅಕ್ಕ: ಗೋಡೆ ಮಗ್ಗುಲಲ್ಲಿ ನೆರಳು ನೋಡಿ ಇಡಿ, ತೀರಾ ಒಣಗಿದ್ರೆ ಕೊಳೆಯಲ್ಲ. ಮತ್ತೆ ಸಿಪ್ಪೆಯವ್ರೇ, ಅಂಟುವಾಳದ ನೀರು ಫ್ರಿಜ್ಜಲ್ಲಿಟ್ರೆ ನಾರಲ್ಲ, ಇಟ್ಟು ನೋಡಿ ಆಮೇಲೆ ಮಾತಾಡಿ.